ಭೂಮಿಗೆ ಸಲ್ಲಬೇಕಾದ ಪಾಲು

ದುಡಿದು ಪಡೆದುದನ್ನು ಪಡೆದವನೊಬ್ಬನೇ ಉಣ್ಣಲಾಗದೆಂಬುದು ಶರಣರು ಲೋಕಕ್ಕೆ ತೋರಿದ ಸನ್ಮಾರ್ಗದ ತಿರುಳು. ಕಾಯಕದಿಂದ ಬಂದುದರಲ್ಲಿ ಗುರುವಿಗೆ, ಲಿಂಗಕ್ಕೆ, ಜಂಗಮಕ್ಕೆ ಸಲ್ಲಬೇಕಾದುದು ಸಂದ ಬಳಿಕ ಉಳಿದುದೇ ಪ್ರಸಾದ. ಸಲ್ಲಿಸದೆ ಉಂಡುದು ಹೊಟ್ಟೆಯನ್ನು ತುಂಬೀತೇ ಹೊರತು ಪ್ರಸಾದವೆನಿಸದು. ಸುಗ್ಗಿಯಾದೊಡನೆ ಮಠಕ್ಕೊಂದು ಚೀಲ, ಆಯಗಾರರಿಗೆ ಅವರವರ ಪಾಲು, ಬಂದ ಅತಿಥಿಗೊಂದು ಹೊತ್ತಿನ ಊಟ, ಹೀಗೆ ಕಣದ ರಾಶಿಯು ಹಂಚಿಹೋಗುತ್ತಿದ್ದ ಕ್ರಮವನ್ನು ಹಿರಿಯರು ಬಲ್ಲರು. ಆದರೆ ಆ ರಾಶಿಯನ್ನು ಕೊಟ್ಟ ಭೂಮಿಗೆ ಅದರಲ್ಲಿ ಪಾಲುಂಟೆ? ಉಂಟಾದರೆ ಅದು ಎಷ್ಟು? ಯಾರ ಸೊತ್ತಿನಿಂದ ಅದನ್ನು ಕೊಡಬೇಕು? ಕೊಟ್ಟುದರ ಫಲವು ಯಾರದು? ಈ ಪ್ರಶ್ನೆಗಳು ಹಳೆಯವಾದರೂ ಲೋಕದ ಗಾಳಿಯು ಕಾಯುತ್ತಿರುವ ಈ ಕಾಲದಲ್ಲಿ ಹೊಸ ತೀಕ್ಷ್ಣತೆಯನ್ನು ಪಡೆದಿವೆ.

ಯಂತ್ರಯುಗವು ತೊಡಗುವ ಮುನ್ನ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 280 ಪಾಲಿನಷ್ಟಿದ್ದ ಇಂಗಾಲಾಮ್ಲವಾಯುವು ಈಗ 420ನ್ನು ಮೀರಿದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದ್ದು, ಕಾಡನ್ನು ಕಡಿದದ್ದು, ನೆಲವನ್ನು ಬಗೆದದ್ದು ಇದಕ್ಕೆ ಕಾರಣಗಳು. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಭೂಮಂಡಲಕ್ಕೆಲ್ಲ 2024ನೆಯ ವರ್ಷವು ದಾಖಲೆಯ ಬಿಸಿಯ ವರ್ಷವಾಯಿತು. ಇಂತಿರಲು ವಿದ್ವಾಂಸರ ದೃಷ್ಟಿಯು ಮಣ್ಣಿನ ಕಡೆಗೆ ತಿರುಗಿದ್ದು ಸಹಜ. ನೆಲದ ಮೇಲಣ ಒಂದು ಮೀಟರು ಆಳದ ಮಣ್ಣಿನಲ್ಲಿ ಸುಮಾರು 1500 ಶತಕೋಟಿ ಟನ್ ಇಂಗಾಲವು ಸಾವಯವ ರೂಪದಲ್ಲಿ ಅಡಗಿದೆ. ಇದು ಇಡೀ ವಾಯುಮಂಡಲದಲ್ಲಿರುವ ಇಂಗಾಲದ ಒಂದೂವರೆ ಪಾಲಿಗೂ ಮಿಗಿಲು. ಬೇಸಾಯಕ್ಕೆ ಒಳಗಾದ ನೆಲಗಳು ತಮ್ಮಲ್ಲಿ ಮೊದಲಿದ್ದ ಇಂಗಾಲದ ನೂರಕ್ಕೆ 20ರಿಂದ 60ರಷ್ಟನ್ನು ಕಳೆದುಕೊಂಡಿವೆಯೆಂದು ವಿಶ್ವಸಂಸ್ಥೆಯ ಹವಾಮಾನ ಮಂಡಲಿಯು ನೆಲವನ್ನು ಕುರಿತು 2019ರಲ್ಲಿ ಹೊರಡಿಸಿದ ವರದಿಯು ಹೇಳುತ್ತದೆ. ಕಳೆದುದನ್ನು ಮರಳಿ ತುಂಬಿದರೆ ಮಣ್ಣಿಗೂ ಗಾಳಿಗೂ ಹಿತವಲ್ಲವೆ, ಎಂಬುದು ಇಂದಿನ ಪ್ರಸ್ತಾಪ. 2015ರಲ್ಲಿ ಪ್ಯಾರಿಸಿನ ಸಮ್ಮೇಳನದ ಕಾಲಕ್ಕೆ ಫ್ರಾನ್ಸ್ ದೇಶವು, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಹೆಚ್ಚಿಸೋಣವೆಂಬ ಸಂಕಲ್ಪವನ್ನೇ ಲೋಕದ ಮುಂದಿಟ್ಟಿತು.

ಈ ತುಂಬುವಿಕೆಯ ಸ್ವರೂಪವು ಮಠದ ದಾಸೋಹವನ್ನು ಬಲ್ಲವರಿಗೆ ಸುಲಭವಾಗಿ ತಿಳಿದೀತು. ದಾಸೋಹದ ಕಣಜಕ್ಕೆ ಭಕ್ತರು ದಿನವೂ ಕಾಳು ತರುತ್ತಾರೆ, ಅಡಿಗೆಯವರು ದಿನವೂ ಅದರಿಂದ ತೆಗೆಯುತ್ತಾರೆ. ಕಣಜದಲ್ಲಿ ಎಷ್ಟು ಉಳಿಯುವುದೆಂಬುದು ಬಂದುದು ಮತ್ತು ಹೋದುದು ಎರಡರ ಮೇಲೆಯೂ ನಿಂತಿದೆ. ಮಣ್ಣಿನ ಸಂಗತಿಯೂ ಹೀಗೆಯೇ. ಸಸ್ಯವು ಸೂರ್ಯಪ್ರಕಾಶದ ಬಲದಿಂದ ಗಾಳಿಯೊಳಗಿನ ಇಂಗಾಲವನ್ನು ಹೀರಿ ಕಾಂಡ, ಎಲೆ, ಬೇರುಗಳನ್ನಾಗಿ ಮಾಡಿಕೊಳ್ಳುತ್ತದೆ. ಅದು ನೆಲಕ್ಕೆ ಬಿದ್ದಾಗ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಉಂಡು, ಬಹುಪಾಲನ್ನು ಉಸಿರಾಗಿ ಗಾಳಿಗೆ ಮರಳಿಸುತ್ತವೆ. ಉಳಿದ ಅಲ್ಪಭಾಗವೇ ಮಣ್ಣಿನ ಕಪ್ಪು, ಮಣ್ಣಿನ ಸತ್ತ್ವ. ಉಷ್ಣತೆಯು ಏರಿದಂತೆ ಉಣ್ಣುವವರ ಹಸಿವೂ ಏರುತ್ತದೆ. ತೇವವಿರುವ ಮಣ್ಣಿನಲ್ಲಿ ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಕೊಳೆಯುವ ವೇಗವು ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂಬುದು ಸ್ಥೂಲವಾದ ಲೆಕ್ಕ. ಆದಕಾರಣ ಕಾಯುತ್ತಿರುವ ಲೋಕದಲ್ಲಿ ಹಿಂದಿನಷ್ಟೇ ಗೊಬ್ಬರ ಹಾಕುವ ರೈತನ ಕಣಜವು ಹಿಂದಿನಷ್ಟು ತುಂಬಿರಲಾರದು.

ಇನ್ನೊಂದು ಮಾತೂ ಇದೆ. ದಾಸೋಹವು ಸಮೃದ್ಧವಾಗಿದೆಯೆಂದು ತಿಳಿದಷ್ಟೂ ಉಣ್ಣಲು ಬರುವವರು ಹೆಚ್ಚುತ್ತಾರೆ. ಹಾಗೆಯೇ ಮಣ್ಣಿನ ಸತ್ತ್ವವು ಏರಿದಂತೆ ಅದನ್ನು ಉಣ್ಣುವ ಜೀವಿಗಳೂ ಏರಿ, ಕೆಲವು ದಶಕಗಳಲ್ಲಿ ಸಂಗ್ರಹವು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅದು ಎಂದೆಂದಿಗೂ ಬೆಳೆಯುತ್ತ ಹೋಗುವ ನಿಧಿಯಲ್ಲ. ಆದರೆ ಎಲ್ಲ ಇಂಗಾಲವೂ ಕೈಗೆಟಕುವ ಕಣಜದಲ್ಲಿಲ್ಲ. ಜೇಡಿಯ ಕಣಗಳಿಗೂ ಕಬ್ಬಿಣದ ತುಕ್ಕಿಗೂ ಅಂಟಿಕೊಂಡ ಭಾಗವು ಮತ್ತು ಮಣ್ಣಿನ ಸಣ್ಣ ಉಂಡೆಗಳ ಒಳಗೆ ಸಿಕ್ಕಿಕೊಂಡ ಭಾಗವು ಬಾಯಿ ಮುಚ್ಚಿದ ಹಗೇವಿನೊಳಗಣ ಜೋಳದಂತೆ ಬಹುಕಾಲ ಕೆಡದೆ ಉಳಿಯುತ್ತವೆ. ಬೇಡದ ಸಲ ಉಳುವುದೆಂದರೆ ಹಗೇವಿನ ಬಾಯಿಯನ್ನು ಬೇಡದ ಸಲ ತೆರೆಯುವುದೇ ಸರಿ.

ಘಟ್ಟದ ಮೇಲಣ ಎರೆನೆಲದ ರೈತರಿಗೆ ಈ ವಿಚಾರವು ಮನದಟ್ಟಾಗಲು ಘಟ್ಟದ ಕೆಳಗಿನ ಊರೊಂದನ್ನು ನೋಡುವುದು ಉಚಿತ. ಏಕೆಂದರೆ ಅಲ್ಲಿ ಕಣಜವು ತುಂಬುವ ವೇಗವೂ ಬರಿದಾಗುವ ವೇಗವೂ ಅಧಿಕ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಪಟ್ಟಣಕ್ಕೆ ಹೊಂದಿಕೊಂಡಿರುವ ಶಿರವಾಡವು ಅಂಥ ಒಂದು ಊರು. ಕೊಂಕಣ ರೈಲುಮಾರ್ಗದ ಕಾರವಾರ ನಿಲ್ದಾಣವಿರುವುದು ಇಲ್ಲಿಯೇ. ಒಂದು ಮಗ್ಗುಲಲ್ಲಿ ಕಾಡುಗುಡ್ಡ, ತಗ್ಗಿನಲ್ಲಿ ಗದ್ದೆ, ಅದರಾಚೆಗೆ ಕಾಳಿ ನದಿಯ ಉಪ್ಪುನೀರಿನ ಸೀಮೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೆ ಕಡಮೆಯಿಲ್ಲದ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ನೆಲವು ಒಣಗುತ್ತದೆ. ಗುಡ್ಡದ ಮಣ್ಣು ಕೆಂಪು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಇಟ್ಟಿಗೆಯಂತೆ ಕಡಿದು ಗೋಡೆ ಕಟ್ಟಬಹುದಾದ ಇಂಥ ಕಲ್ಲಿಗೆ, ಮಲಬಾರಿನಲ್ಲಿ ಕಂಡುದನ್ನು ಆಧಾರವಾಗಿಟ್ಟುಕೊಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಜನರು ಅದನ್ನು ಚಿರೆಕಲ್ಲೆನ್ನುತ್ತಾರೆ. ಆ ಕೆಂಪಿಗೆ ಕಾರಣವಾದ ಕಬ್ಬಿಣವೇ ಇಂಗಾಲವನ್ನು ಹಿಡಿದಿಡುವ ಹಗೇವೂ ಆಗಬಲ್ಲುದೆಂಬುದು ಇಲ್ಲಿಯ ಮಣ್ಣಿನ ಭಾಗ್ಯ. ವರ್ಷದುದ್ದಕ್ಕೂ ಬಿಡದ ಸೆಕೆ, ಮಳೆಗಾಲದ ತೇವ ಇವು ಸೂಕ್ಷ್ಮಜೀವಿಗಳ ಹಸಿವನ್ನು ಕೆರಳಿಸುವುದು ಅದರ ದೌರ್ಭಾಗ್ಯ.

ಬಿಸಿಯೇರಿದ ಗಾಳಿಯು ಹೆಚ್ಚು ನೀರನ್ನು ಹೊರುತ್ತದೆ, ಆದುದರಿಂದ ಮಳೆಯೂ ಒಮ್ಮೊಮ್ಮೆ ಒಂದೇ ದಿನದಲ್ಲಿ ಕವಿದು ಬೀಳುತ್ತದೆ. 2009ರ ಅಕ್ಟೋಬರ್ 2ರಂದು ಸಮೀಪದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಅಸುನೀಗಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಜಾರಿ ಗಂಗಾವಳಿ ನದಿಯವರೆಗೂ ಹೋಯಿತು. ಅಂಥ ದುರಂತಗಳಿಗೆ ಬೇರೆ ಕಾರಣಗಳೂ ಕೂಡಿರುತ್ತವೆ. ಅವುಗಳನ್ನು ಲೋಕವು ಕಾಣುತ್ತದೆ, ಮರುಗುತ್ತದೆ. ಆದರೆ ಬರಿದಾದ ಇಳಿಜಾರಿನ ಹೊಲದಿಂದ ಪ್ರತಿ ಮಳೆಗೂ ಕೂದಲೆಳೆಯಷ್ಟು ದಪ್ಪದಲ್ಲಿ ಕೊಚ್ಚಿಹೋಗುವ ಮೇಲ್ಮಣ್ಣನ್ನು ಯಾರೂ ಕಾಣುವುದಿಲ್ಲ. ಸತ್ತ್ವವೆಲ್ಲ ಇರುವುದು ಆ ಎಳೆಯಲ್ಲಿಯೇ.

ಭೂಮಿಗೆ ಸಲ್ಲಬೇಕಾದ ಪಾಲು ಎಷ್ಟೆಂಬುದನ್ನು ಈಗ ಲೆಕ್ಕ ಹಾಕಬಹುದು. ಒಂದು ಎಕರೆ ನೆಲದ ಮೇಲಣ ಅರ್ಧ ಅಡಿ ಮಣ್ಣು ಸುಮಾರು 800 ಟನ್ ತೂಗುತ್ತದೆ. 2015ರಿಂದ ರೈತರಿಗೆ ಸಿಗುತ್ತಿರುವ ಮಣ್ಣಿನ ಆರೋಗ್ಯ ಪತ್ರದಲ್ಲಿ ಸಾವಯವ ಇಂಗಾಲವು ನೂರಕ್ಕೆ 0.5ಕ್ಕಿಂತ ಕಡಮೆಯಿದ್ದರೆ ಹೀನವೆಂದೂ 0.75ಕ್ಕಿಂತ ಮೇಲಿದ್ದರೆ ಉತ್ತಮವೆಂದೂ ಎಣಿಕೆ. 0.5 ಇದ್ದುದು 0.6ಕ್ಕೆ ಏರಬೇಕಾದರೆ ಎಕರೆಗೆ 800 ಕಿಲೋಗ್ರಾಂ ಇಂಗಾಲವು ನೆಲದಲ್ಲಿ ನಿಲ್ಲಬೇಕು. ಹಾಕಿದ ಸೊಪ್ಪಿನಲ್ಲಿ ಹತ್ತಕ್ಕೆ ಒಂದೂವರೆ ಪಾಲು ಮಾತ್ರ ಬಹುಕಾಲ ಉಳಿಯುವುದೆಂದು ಹಿಡಿದರೆ, ಅದಕ್ಕೆ ಬೇಕಾದ ಒಣ ಎಲೆಯು ಸುಮಾರು ಹನ್ನೆರಡು ಟನ್. ಅದೂ ವಾಡಿಕೆಯಂತೆ ಹಾಕುವ ಗೊಬ್ಬರದ ಮೇಲೆ ಹೆಚ್ಚಿಗೆಯಾಗಿ. ಅಷ್ಟೇ ಅಲ್ಲ, ಮಣ್ಣಿನ ಸತ್ತ್ವದಲ್ಲಿ ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವು ಕೂಡಿರಲೇಬೇಕಾದುದರಿಂದ ಸುಮಾರು 70 ಕಿಲೋಗ್ರಾಂ ಸಾರಜನಕವೂ ಅದರೊಡನೆ ನೆಲದಲ್ಲಿ ನಿಲ್ಲಬೇಕು. ಇಷ್ಟು ವರ್ಷಗಳ ಹೊರೆಯ ಫಲವಾಗಿ ಗಾಳಿಯಿಂದ ಇಳಿಯುವ ಇಂಗಾಲಾಮ್ಲವಾಯು ಸುಮಾರು 2.9 ಟನ್. ಸಾವಿರ ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಅಷ್ಟೇ ವಾಯು ಮೇಲೇರುತ್ತದೆ. ಊರಿನ ಮಗ್ಗುಲಿಗೆ ಹಾದುಹೋಗುವ ಹೆದ್ದಾರಿಯಲ್ಲಿ ಒಂದು ಲಾರಿಯು ಕೆಲವು ವಾರಗಳಲ್ಲಿ ಸುಡುವ ಎಣ್ಣೆಯದು. ಈ ಲೆಕ್ಕವನ್ನು ಮರೆತು ಮಣ್ಣಿನ ಮಹಿಮೆಯನ್ನು ಹೊಗಳುವುದು ಸತ್ಯಕ್ಕೆ ದೂರವಾದೀತು.

ಇಲ್ಲಿ ಮೊದಲನೆಯ ಶಂಕೆಯು ಉದಿಸುತ್ತದೆ. ಆ ಹನ್ನೆರಡು ಟನ್ ಎಲೆಯು ಎಲ್ಲಿಂದ ಬರಬೇಕು? ಉತ್ತರ ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಉತ್ತರವು ತಲೆತಲಾಂತರದಿಂದ ಇದೆ: ಬೆಟ್ಟದಿಂದ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟವನ್ನು ಬ್ರಿಟಿಷರ ಕಾಲದಲ್ಲಿಯೇ ಬಿಟ್ಟುಕೊಡಲಾಗಿತ್ತು. ಕರಾವಳಿಯ ರೈತರೂ ಗುಡ್ಡದಿಂದ ಹಸಿ ಸೊಪ್ಪು ಕಡಿದು, ಬೇಸಗೆಯಲ್ಲಿ ದರಕು ಗುಡಿಸಿ ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ ಗೊಬ್ಬರ ಮಾಡಿದರು. ಗದ್ದೆಗಳು ಬಾಳಿದ್ದು ಅದರಿಂದಲೇ. ಆದರೆ ಗುಡ್ಡದ ಮಣ್ಣಿಗೆ ಬೀಳಬೇಕಾಗಿದ್ದ ಎಲೆಯು ಗದ್ದೆಗೆ ಬಿದ್ದರೆ ಗದ್ದೆಯ ಇಂಗಾಲ ಹೆಚ್ಚೀತು, ಗುಡ್ಡದ ಇಂಗಾಲ ಕುಂದೀತು. ಲೋಕದ ಲೆಕ್ಕದಲ್ಲಿ ಏನೂ ಕೂಡಿದಂತಾಗಲಿಲ್ಲ. ಒಂದು ಮನೆಯ ಕಣಜದಿಂದ ತೆಗೆದು ಇನ್ನೊಂದು ಮನೆಯಲ್ಲಿ ದಾಸೋಹ ನಡೆಸಿದಂತಾಯಿತು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯು ಇಲ್ಲಿ ನೆನಪಿಗೆ ಬಾರದಿರದು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದುದು ಆಸೆಯ ಫಲವೆಂದು ಬಗೆದು, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ದಾಸೋಹಕ್ಕೆ ತಾನೆ ತಂದದ್ದು, ಹೆಚ್ಚಾದರೇನು ಎಂಬ ಸಮಾಧಾನವನ್ನು ಆ ಶರಣೆಯು ಒಪ್ಪಲಿಲ್ಲ. ಕೊಡುವ ಕೈ ಶುದ್ಧವಾಗಿದ್ದರೆ ಸಾಲದು, ತರುವ ದಾರಿಯೂ ಶುದ್ಧವಾಗಿರಬೇಕು. ಗುಡ್ಡದ ದರಕಿಗೂ ಈ ನ್ಯಾಯವು ಸಲ್ಲುತ್ತದೆ. ಬಿದ್ದುದರಲ್ಲಿ ಗುಡ್ಡಕ್ಕೆ ಬೇಕಾದುದನ್ನು ಬಿಟ್ಟು ಮಿಕ್ಕುದನ್ನು ತರುವುದು ಕಾಯಕ, ಬೋಳು ಮಾಡಿ ತರುವುದು ಅಪಹಾರ.

ಹಾಗಾದರೆ ಗದ್ದೆಗೆ ಗತಿಯೇನು? ಗದ್ದೆಯ ಪಾಲು ಬಹುಮಟ್ಟಿಗೆ ಗದ್ದೆಯಲ್ಲಿಯೇ ಬೆಳೆಯಬೇಕು. ಬದುವಿನ ಮೇಲೆ ಗೊಬ್ಬರದ ಗಿಡವನ್ನು ನೆಟ್ಟು ಸವರಿ ಹಾಕಬಹುದು. ಮೊದಲ ಮಳೆಗೆ ಸೆಣಬನ್ನು ಬಿತ್ತಿ ಹೂ ಬರುವ ಮುನ್ನ ಮಣ್ಣಿಗೆ ಮುಚ್ಚಬಹುದು. ಭತ್ತದ ಕೊಯ್ಲಿನ ಬಳಿಕ ನೆಲದಲ್ಲಿ ಉಳಿದ ತೇವಕ್ಕೆ ಉದ್ದು, ಹುರುಳಿ, ಅಲಸಂದೆ, ಶೇಂಗಾ ಬೆಳೆದರೆ ನೆಲವು ಬರಿದಾಗಿ ಕಾಯದು, ಬೇಕಾದ ಸಾರಜನಕದ ಒಂದಂಶವೂ ಗಾಳಿಯಿಂದಲೇ ದೊರೆತೀತು. ಬೇರಿನಿಂದ ಬಂದ ಇಂಗಾಲವು ಮೇಲೆ ಹಾಸಿದ ಎಲೆಯ ಇಂಗಾಲಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿ ನಿಲ್ಲುವುದೆಂಬುದೂ ಈಗ ತಿಳಿದಿದೆ. ನದಿಯ ಅಳಿವೆಗಳಲ್ಲಿ ಪ್ರಕೃತಿಯೇ ಈ ಪಾಲನ್ನು ಸಲ್ಲಿಸುವ ನೆಲಗಳಿವೆ. ಕರಾವಳಿಯ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆದು, ತೆನೆಯನ್ನು ಕೊಯ್ದು, ದಂಟನ್ನು ನೀರಿಗೇ ಬಿಡುವ ವಾಡಿಕೆ. ಹೊಳೆಯು ತಂದ ಕೆಸರೂ ಕೊಳೆತ ದಂಟೂ ಮೀನು ಸಿಗಡಿಗಳಿಗೆ ಆಹಾರವಾಗುತ್ತವೆ. ನೀರು ನಿಂತ ಕೆಸರಿನಲ್ಲಿ ಗಾಳಿಯಾಡದೆ ಕೊಳೆಯುವಿಕೆ ಮಂದವಾಗಿ ಇಂಗಾಲವು ಉಳಿಯುತ್ತದೆ. ಸಿಹಿನೀರಿನ ಗದ್ದೆಯ ಕೆಸರಿನಿಂದ ಏಳುವ ಮೀಥೇನ್ ಎಂಬ, ಇಂಗಾಲಾಮ್ಲವಾಯುವಿಗಿಂತಲೂ ಎಷ್ಟೋ ಮಡಿ ಬಿಸಿಯನ್ನು ಹಿಡಿಯುವ ವಾಯುವು ಉಪ್ಪುನೀರಿನ ಕೆಸರಿನಲ್ಲಿ ಕಡಮೆ. ಪಕ್ಕದ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ಜೌಗುನೆಲವೆಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು ಪಡೆದುದು ಇಂಥ ನೆಲಗಳ ಬೆಲೆಯನ್ನು ತೋರಿಸುತ್ತದೆ.

ಎರಡನೆಯ ಶಂಕೆಯು ಇನ್ನೂ ಕಠಿನವಾದುದು. ಹಾಕಿದವನಿಗೆ ಫಲವು ದೊರೆಯದಿದ್ದರೆ ಆ ಕಾಯಕವು ವ್ಯರ್ಥವಲ್ಲವೆ? ಇದಕ್ಕೊಂದು ದೃಷ್ಟಾಂತವನ್ನು ಭಾವಿಸಬಹುದು. ಶಿರವಾಡದಂಥ ಊರಿನಲ್ಲಿ ಇಬ್ಬರು ಸಹೋದರರು. ತಮ್ಮನು ಉದ್ಯೋಗಕ್ಕೆಂದು ಗೋವೆಗೆ ಹೋದನು. ಅಣ್ಣನು ಊರಲ್ಲಿಯೇ ನಿಂತು, ಮನೆಯ ಹತ್ತಿರದ ಗದ್ದೆಗೆ ಇಪ್ಪತ್ತು ವರ್ಷ ಗೊಬ್ಬರ ಹೊತ್ತನು. ದೂರದ ಗದ್ದೆಗೆ ಕೈ ಸಾಲಲಿಲ್ಲ, ಅದು ಪಾಳು ಬಿತ್ತು. ಹಿಸೆಯ ದಿನ ಬಂದಿತು. ಎರಡು ಗದ್ದೆಗಳೂ ಅಳತೆಯಲ್ಲಿ ಸಮ. ಚೀಟಿ ಎತ್ತಿದಾಗ ಹತ್ತಿರದ ಗದ್ದೆಯು ತಮ್ಮನ ಪಾಲಿಗೆ ಹೋಯಿತು. ಮೋಜಣಿಯ ಕಾಗದದಲ್ಲಿ ಗುಂಟೆಗಳಿಗೆ ಅಂಕಣವುಂಟು, ಇಪ್ಪತ್ತು ವರ್ಷದ ಗೊಬ್ಬರಕ್ಕೆ ಅಂಕಣವಿಲ್ಲ.

ತಮ್ಮನು ಸಂಕೋಚದಿಂದ ಹೇಳಿದನು: “ಅಣ್ಣಾ, ನೀನು ಹೊತ್ತು ಹಾಕಿದ್ದೆಲ್ಲ ಈ ಗದ್ದೆಯಲ್ಲಿದೆ. ಚೀಟಿ ನನ್ನ ಹೆಸರಿಗೆ ಬಂತು. ಗೊಬ್ಬರಕ್ಕೊಂದು ಬೆಲೆ ಹೇಳು, ಕೊಡುತ್ತೇನೆ.”

ಅಣ್ಣನು ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: “ಕೈಯಿಂದ ಜಾರಿದ ದಿನವೇ ಅದು ಗದ್ದೆಯದಾಯಿತಪ್ಪಾ. ನನ್ನದಲ್ಲದ್ದಕ್ಕೆ ನಾನು ಏನೆಂದು ಬೆಲೆ ಹೇಳಲಿ? ಕೊಯ್ಲಾದ ಮೇಲೆ ಕೂಳೆಗೆ ಬೆಂಕಿ ಹಚ್ಚಬೇಡ. ಅಷ್ಟಾದರೆ ಸಾಕು.”

ಈ ಉತ್ತರವು ಸುಲಭದ್ದಲ್ಲ. ಐವತ್ತು ದಾಟಿದ ಆ ಅಣ್ಣನು ಪಾಳು ಬಿದ್ದ ಗದ್ದೆಯಲ್ಲಿ ಮತ್ತೆ ಮೊದಲಿನಿಂದ ತೊಡಗಬೇಕು, ಇನ್ನೊಂದು ಇಪ್ಪತ್ತು ವರ್ಷ ಅವನ ಬೆನ್ನಿಗೆ ಇದೆಯೋ ಇಲ್ಲವೋ. ಆದರೂ ಅವನ ಮಾತು ದಾಸೋಹಭಾವಕ್ಕೆ ಸಲ್ಲುವ ಮಾತು. ದಾನ ಮಾಡಿದವನು ತಾನು ಕೊಟ್ಟೆನೆಂದು ನೆನೆಯುತ್ತಾನೆ. ದಾಸೋಹ ಮಾಡಿದವನು ಸಲ್ಲಬೇಕಾದುದು ಸಂದಿತೆಂದು ತಿಳಿದು ನೆನೆಯುವುದನ್ನು ಬಿಡುತ್ತಾನೆ. ಸಲ್ಲಿಸಿದ ಪಾಲು ಗದ್ದೆಯನ್ನು ಬಿಟ್ಟು ಹೋಗಲೂ ಇಲ್ಲ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಎಂಬಲ್ಲಿ 1852ರಲ್ಲಿ ಬಾರ್ಲಿಯ ಹೊಲವೊಂದರಲ್ಲಿ ಪ್ರಯೋಗವು ಆರಂಭವಾಯಿತು. ಅದರ ಒಂದು ಪಟ್ಟಿಗೆ 1871ರವರೆಗೆ ವರ್ಷವರ್ಷವೂ ಕೊಟ್ಟಿಗೆಯ ಗೊಬ್ಬರವನ್ನು ಹಾಕಿ ಆಮೇಲೆ ನಿಲ್ಲಿಸಿಬಿಟ್ಟರು. ನೂರು ವರ್ಷಗಳು ಕಳೆದ ಮೇಲೂ ಆ ಪಟ್ಟಿಯ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ಪಕ್ಕದ ಪಟ್ಟಿಯ ಮಣ್ಣಿಗಿಂತ ಹೆಚ್ಚು ಇಂಗಾಲವು ಕಂಡುಬಂದಿತು. ಹಾಕಿದವರೂ, ಅವರ ಮಕ್ಕಳೂ ಅಳಿದಿದ್ದರು. ಅಲ್ಲಿಯ ತಂಪಿನಲ್ಲಿ ಉಳಿದಷ್ಟು ಕಾಲ ಕಾರವಾರದ ಸೆಕೆಯಲ್ಲಿ ಉಳಿಯದೆಂಬುದು ನಿಜ, ಆದರೆ ತತ್ತ್ವವು ಒಂದೇ.

ಆದರೆ ದೃಷ್ಟಾಂತದಲ್ಲಿ ಇನ್ನೊಬ್ಬನಿದ್ದಾನೆ. ಅಣ್ಣನು ಬೆಲೆಯನ್ನು ಕೇಳಲಿಲ್ಲವೆಂದ ಮಾತ್ರಕ್ಕೆ ತಮ್ಮನು ಋಣಮುಕ್ತನಾದನೆ? ಆಗಲಿಲ್ಲ. ಅವನು ಮರುವರ್ಷದಿಂದ ತನ್ನ ಕೊಟ್ಟಿಗೆಯ ಗೊಬ್ಬರದಲ್ಲಿ ನಾಲ್ಕು ಗಾಡಿಯನ್ನು ಅಣ್ಣನ ಪಾಳುಗದ್ದೆಗೆ ಹೊಡೆದರೆ ಅದು ಬೆಲೆಯಲ್ಲ, ಅವನ ಪಾಲಿನ ದಾಸೋಹ. ಕೊಟ್ಟವನು ಲೆಕ್ಕವಿಡಬಾರದು, ಪಡೆದವನು ಲೆಕ್ಕವನ್ನು ಮರೆಯಬಾರದು. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ಮಾತ್ರ ಬಡವರಿಗೆ ಬೋಧಿಸಿ ಎರಡನೆಯದನ್ನು ಬಿಟ್ಟರೆ ಧರ್ಮವು ವಂಚನೆಯಾಗುತ್ತದೆ.

ಈ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ಅಂಕೋಲಾ, ಕಾರವಾರ ಭಾಗದ ಗದ್ದೆಗಳಲ್ಲಿ ದುಡಿದವರು ಬಹುಮಟ್ಟಿಗೆ ಗೇಣಿದಾರರು. ಒಡೆಯನು ಬಿಡಿಸಿದ ದಿನ ಗದ್ದೆಯನ್ನು ಬಿಟ್ಟೇಳಬೇಕಾಗಿದ್ದವನಿಗೆ ಇಪ್ಪತ್ತು ವರ್ಷ ಮುಂದಿನ ಮಣ್ಣನ್ನು ಕಟ್ಟೆಂದು ಹೇಳುವುದು ಯಾವ ನ್ಯಾಯ? ಚುಟುಕಗಳ ಕವಿಯೆಂದು ಖ್ಯಾತರಾದ ದಿನಕರ ದೇಸಾಯಿಯವರು (1909–1982) ಈ ರೈತರನ್ನು ಸಂಘಟಿಸಿ ಹೋರಾಡಿದ್ದಕ್ಕಾಗಿ 1940ರಲ್ಲಿ ಬ್ರಿಟಿಷ್ ಸರಕಾರದಿಂದ ಗಡೀಪಾರಾದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವರಿಗೆ ಒಡೆತನವು ದೊರೆಯುವ ದಾರಿಯಾಯಿತು. ಮಣ್ಣಿಗೆ ಪಾಲು ಸಲ್ಲಬೇಕಾದರೆ ಮೊದಲು ಮಣ್ಣಿನಲ್ಲಿ ನಿಲ್ಲುವವನಿಗೆ ನೆಲೆಯು ಸಲ್ಲಬೇಕೆಂಬುದು ಇದರಿಂದ ಸ್ಪಷ್ಟ. ಇಂದು ಬಾಯಿಮಾತಿನ ಮೇಲೆ ವರ್ಷಕ್ಕೊಮ್ಮೆ ಗದ್ದೆಯನ್ನು ಕೊಡುವ ಒಡೆಯರು ಹತ್ತು ವರ್ಷದ ಮಾತನ್ನು ಕೊಟ್ಟರೆ, ಅದೂ ಭೂಮಿಗೆ ಸಲ್ಲಿಸಿದ ಪಾಲೇ.

ಮೂರನೆಯ ಶಂಕೆಯು ಈಚಿನದು. ಮಣ್ಣಿನಲ್ಲಿ ನಿಲ್ಲಿಸಿದ ಇಂಗಾಲವನ್ನು ಟನ್ನಿನ ಲೆಕ್ಕದಲ್ಲಿ ಮಾರಬಹುದೆಂದು ಕೆಲವರು ಹೇಳುತ್ತಾರೆ. ಭಾರತ ಸರಕಾರವು 2023ರ ಜೂನ್‌ನಲ್ಲಿ ಇಂಗಾಲದ ಸಾಲಪತ್ರಗಳ ವ್ಯವಹಾರಕ್ಕೆ ಯೋಜನೆಯೊಂದನ್ನು ಪ್ರಕಟಿಸಿತು. ಬೇಸಾಯದಲ್ಲಿ ಇಂಥ ಸ್ವಯಂಪ್ರೇ​ರಿತ ಮಾರುಕಟ್ಟೆಗೆ ಒಂದು ಚೌಕಟ್ಟನ್ನು 2024ರ ಜನವರಿಯಲ್ಲಿ ಹೊರಡಿಸಿತು. ಬಡ ರೈತನಿಗೆ ನಾಲ್ಕು ಕಾಸು ಬಂದರೆ ಸಂತೋಷವೇ. ಆದರೆ ಕೊಳ್ಳುವವನು ಏನನ್ನು ಕೊಳ್ಳುತ್ತಾನೆಂಬುದನ್ನು ವಿಚಾರಿಸಬೇಕು. ದೂರದ ಕಾರ್ಖಾನೆಯು ಕಲ್ಲಿದ್ದಲನ್ನು ಉರಿಸಿ ಗಾಳಿಗೆ ಬಿಟ್ಟ ಇಂಗಾಲದ ಒಂದು ಭಾಗವು ಸಾವಿರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಅದಕ್ಕೆ ಪ್ರತಿಯಾಗಿ ರೈತನು ಮಣ್ಣಿನಲ್ಲಿ ಇಟ್ಟುದು ಒಂದು ಬರಗಾಲಕ್ಕೆ, ಒಂದು ಬೇಸಗೆಯ ಬೆಂಕಿಗೆ, ಮಗನೊಬ್ಬನು ಟ್ರ್ಯಾಕ್ಟರಿನಿಂದ ಆಳವಾಗಿ ಉತ್ತುದಕ್ಕೆ ಮರಳಿ ಗಾಳಿಗೆ ಸೇರಬಲ್ಲುದು. ಚಿರವಾದ ಋಣಕ್ಕೆ ಅಚಿರವಾದ ಅಡವು. ಇದನ್ನು ತೋರಿಸಿ ಉರಿಸುವವನು ತನ್ನ ಉರಿಯನ್ನು ಮುಂದುವರಿಸುವುದಾದರೆ, ರೈತನ ಸತ್ಕಾರ್ಯವೇ ಲೋಕದ ಕೇಡಿಗೆ ಪರವಾನಗಿಯಾದಂತೆ. ಆದ್ದರಿಂದ ರೈತನಿಗೆ ಹಣವು ಸಲ್ಲುವುದು ತಪ್ಪಲ್ಲ. ಆ ಹಣದಿಂದ ಕೊಟ್ಟವನ ಋಣವು ತೀರಿತೆಂದು ಬರೆದುಕೊಳ್ಳುವುದು ತಪ್ಪು. ಮೇಲಣ ದೃಷ್ಟಾಂತದ ತಮ್ಮನು ನಾಲ್ಕು ಗಾಡಿ ಗೊಬ್ಬರವನ್ನು ಹೊಡೆದು, ಇನ್ನು ಕೂಳೆಯನ್ನು ಸುಡಲು ಸ್ವತಂತ್ರನೆಂದುಕೊಂಡರೆ ಹೇಗೋ ಹಾಗೆ.

ಕಡೆಯದಾಗಿ ಒಂದು ಆಕ್ಷೇಪ. ಗಾಳಿಯನ್ನು ಕಾಯಿಸಿದವರು ಹೆಚ್ಚಾಗಿ ಸಿರಿವಂತ ದೇಶದವರು ಮತ್ತು ಸಿರಿವಂತ ಜನರು. ಅರ್ಧ ಎಕರೆಯ ಶಿರವಾಡದ ರೈತನು ಅದಕ್ಕೇಕೆ ಬೆನ್ನು ಬಗ್ಗಿಸಬೇಕು? ಈ ಆಕ್ಷೇಪವು ನ್ಯಾಯವಾದುದು. ಅದಕ್ಕೆ ಉತ್ತರವು ಇಷ್ಟೆ: ಅವನು ಬೆನ್ನು ಬಗ್ಗಿಸುವುದು ಅವರಿಗಾಗಿ ಅಲ್ಲ. ಅವನ ಎಕರೆಯು ಹಿಡಿಯುವ ವಾಯು ಒಂದು ಲಾರಿಯ ಕೆಲವು ವಾರಗಳ ಹೊಗೆಯಷ್ಟೇ ಎಂಬುದನ್ನು ಲೆಕ್ಕವು ತೋರಿಸಿತು. ಆದರೆ ಅದೇ ಸತ್ತ್ವವು ಅವನ ಗದ್ದೆಯಲ್ಲಿ ಮಳೆ ನಿಂತ ಮೇಲೂ ಕೆಲವು ದಿನ ತೇವವನ್ನು ಹಿಡಿದು ಶೇಂಗಾ ಬೆಳೆಯನ್ನು ಕಾಯುತ್ತದೆ. ಹೊಡೆದು ಬೀಳುವ ಮಳೆಗೆ ಮಣ್ಣು ಕರಗದಂತೆ ಉಂಡೆಗಟ್ಟಿ ನಿಲ್ಲಿಸುತ್ತದೆ. ಹಾಕಿದ ಗೊಬ್ಬರವು ಹೊಳೆಗೆ ಹರಿಯದಂತೆ ತಡೆಯುತ್ತದೆ. ಭೂಮಿಯ ಪಾಲನ್ನು ಭೂಮಿಗೆಂದೇ ಸಲ್ಲಿಸಿದರೆ ಗಾಳಿಗೆ ಸಲ್ಲಬೇಕಾದುದು ತಾನಾಗಿಯೇ ಸಲ್ಲುತ್ತದೆ. ಅದರಿಂದ ಉರಿಸುವವರ ಹೊಣೆಯು ಎಳ್ಳಷ್ಟೂ ಕಡಮೆಯಾಗದು.

ಘಟ್ಟದ ಮೇಲಣ ಗೃಹಸ್ಥರಿಗೂ ಈ ಮಾತು ಅನ್ವಯಿಸುತ್ತದೆ. ಕಬ್ಬಿನ ರವದಿಗೆ ಬೆಂಕಿಯಿಡುವ ಹೊಲಗಳಲ್ಲಿ ಒಂದು ಸಂಜೆಯೊಳಗೆ ಉರಿದುಹೋಗುವುದು ಭೂಮಿಯ ಒಂದು ವರ್ಷದ ಪಾಲು. ಅದನ್ನು ಸಾಲುಗಳ ನಡುವೆ ಹಾಸಿದರೆ ನೀರೂ ಉಳಿದೀತು, ನೆಲವೂ ತಂಪಾದೀತು. ಎರೆಯ ಹೊಲದಲ್ಲಿ ಜೋಳದೊಡನೆ ತೊಗರಿ, ಕಡಲೆಗಳನ್ನು ಸೇರಿಸಿ ಬೆಳೆಯುವ ಹಳೆಯ ಕ್ರಮವನ್ನು ಬಿಡಬಾರದು. ತಿಪ್ಪೆಯನ್ನು ಬಿಸಿಲಿಗೂ ಮಳೆಗೂ ಬಿಡದೆ ನೆರಳಿನಲ್ಲಿ ಮುಚ್ಚಿಟ್ಟರೆ ಗೊಬ್ಬರದ ಸತ್ತ್ವವು ಗಾಳಿಗೆ ಹಾರಿಹೋಗದು. ದನಗಳು ಕಡಮೆಯಾಗುತ್ತಿರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. 1970–71ರಲ್ಲಿ ಭಾರತದ ಹಲವೆಡೆ ಆರಂಭವಾದ ದೀರ್ಘಕಾಲದ ಗೊಬ್ಬರ ಪ್ರಯೋಗಗಳೂ, ರಾಸಾಯನಿಕ ಗೊಬ್ಬರದ ಜೊತೆಗೆ ಕೊಟ್ಟಿಗೆಯ ಗೊಬ್ಬರವು ಕೂಡಿದ ನೆಲದಲ್ಲಿಯೇ ಇಳುವರಿಯೂ ಇಂಗಾಲವೂ ಒಟ್ಟಿಗೆ ಉಳಿಯುವುದನ್ನು ತೋರಿಸಿವೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಮಹಿಳೆ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಯಾಗಿ ದುಡಿಯುತ್ತ ಕಾಡುಮರಗಳ ಬೀಜವನ್ನು ಗುರುತಿಸಿ, ಸಸಿಗಳನ್ನು ಬೆಳೆಸಿ, ಅಸಂಖ್ಯ ಗಿಡಗಳಿಗೆ ತಾಯಿಯಾದರು. ಬೆಳೆಸಿದ ಗಿಡಗಳು ಅವರವಲ್ಲ, ನೆಟ್ಟ ನೆಲವೂ ಅವರದಲ್ಲ. ಅವರು ಯಾವ ಲೆಕ್ಕವನ್ನೂ ಇಟ್ಟವರಲ್ಲ. 2020ನೆಯ ಸಾಲಿನ ಪದ್ಮಶ್ರೀ ಪ್ರಶಸ್ತಿಯನ್ನು 2021ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಬರಿಗಾಲಿನಲ್ಲಿಯೇ ಹೋಗಿ ಸ್ವೀಕರಿಸಿದರು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಆ ಮರಗಳ ಎಲೆಗಳು ಪ್ರತಿ ಬೇಸಗೆಯಲ್ಲಿಯೂ ಉದುರಿ ಆ ಗುಡ್ಡಗಳ ಮಣ್ಣಿಗೆ ಸೇರುತ್ತಿವೆ. ಕೊಟ್ಟವರು ಲೆಕ್ಕವಿಡಲಿಲ್ಲ. ಆ ಗುಡ್ಡದ ಕೆಳಗೆ ನೀರು ಕುಡಿಯುವವರೂ, ಆ ದರಕನ್ನು ಗುಡಿಸಲು ಹೋಗುವವರೂ ಲೆಕ್ಕವನ್ನು ಇಟ್ಟುಕೊಳ್ಳಬೇಕು. ಬುಟ್ಟಿ ತುಂಬಿದ ಮೇಲೆ ಒಂದು ಹಿಡಿಯನ್ನು ತಂದಲ್ಲಿಯೇ ಸುರಿದು ಬರುವ ಲಕ್ಕಮ್ಮನ ವಿವೇಕವು ಮನೆಮನೆಯಲ್ಲಿಯೂ ನೆಲಸಿದರೆ, ಭೂಮಿಗೆ ಸಲ್ಲಬೇಕಾದ ಪಾಲು ಸಂದೇ ಸಲ್ಲುವುದು.